ತಂದೆ ಕಾರ್ಯಪ್ಪನವರು

ನಮ್ಮ ಕೊಡಗಿನಲ್ಲಿ ಯಾವ ಊರಿಗೆ ಹೋದರೂ, ಸೇನೆಯಿಂದ ನಿವೃತ್ತರಾಗಿ ಬಂದು ಗದ್ದೆ ತೋಟ ನೋಡಿಕೊಂಡಿರುವ ಹಿರಿಯರೊಬ್ಬರು ಕಾಣಸಿಗುತ್ತಾರೆ. ಊರಿನವರು ಅವರನ್ನು ಹೆಸರಿಗಿಂತ ಹೆಚ್ಚಾಗಿ ಹುದ್ದೆಯಿಂದಲೇ ಗುರುತಿಸುವುದು ವಾಡಿಕೆ: ಸುಬೇದಾರರು, ಹವಾಲ್ದಾರರು, ಕರ್ನಲ್ ಸಾಹೇಬರು. ಈ ಗೌರವದಲ್ಲಿ ಒಂದು ನಷ್ಟವೂ ಇದೆ. ಅವರು ಯಾರದೋ ಪತಿ, ಯಾರದೋ ತಂದೆ ಎಂಬುದು ಹುದ್ದೆಯ ಹಿಂದೆ ಮರೆಯಾಗಿಬಿಡುತ್ತದೆ. ಇದಕ್ಕೆ ಅತಿ ದೊಡ್ಡ ನಿದರ್ಶನ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರು.

ಅವರ ಜೀವನದ ಮೈಲಿಗಲ್ಲುಗಳು ನಮ್ಮ ಜಿಲ್ಲೆಯ ಶಾಲಾ ಮಕ್ಕಳಿಗೆ ಬಾಯಿಪಾಠ. 1899ರ ಜನವರಿ 28ರಂದು ಶನಿವಾರಸಂತೆಯಲ್ಲಿ ಜನನ. ಮಡಿಕೇರಿಯಲ್ಲಿ ಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು. 1919ರಲ್ಲಿ ಇಂದೂರಿನಲ್ಲಿ ಸೈನಿಕ ಶಿಕ್ಷಣ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಭೂಸೇನೆಯ ಮಹಾದಂಡನಾಯಕ ಪದವಿಯನ್ನು ವಹಿಸಿಕೊಂಡ ಮೊದಲ ಭಾರತೀಯ. ಆ ದಿನವನ್ನೇ ನಾವು ಇಂದಿಗೂ ಸೇನಾ ದಿನವೆಂದು ಆಚರಿಸುತ್ತೇವೆ. 1953ರಲ್ಲಿ ನಿವೃತ್ತಿ, ತರುವಾಯ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹೈಕಮಿಷನರ್. 1986ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಫೀಲ್ಡ್ ಮಾರ್ಷಲ್ ಪದವಿ.

ಈ ಪಟ್ಟಿಯಲ್ಲಿ ಮನೆಯ ಮಾತೇ ಬರುವುದಿಲ್ಲ. 1937ರಲ್ಲಿ ಅವರ ವಿವಾಹವಾಯಿತು. ಮಗ ನಂದ, ಮಗಳು ನಳಿನಿ. ಆದರೆ ದಾಂಪತ್ಯ ಬಹುಕಾಲ ಉಳಿಯಲಿಲ್ಲ. 1945ರಲ್ಲಿ ಪತಿ ಪತ್ನಿ ಬೇರೆಯಾದರು. ಕೆಲವೇ ವರ್ಷಗಳಲ್ಲಿ ಆ ತಾಯಿ ಅಪಘಾತವೊಂದರಲ್ಲಿ ತೀರಿಕೊಂಡರು. ದೇಶ ವಿಭಜನೆ, ಸೇನೆಯ ಹಂಚಿಕೆ, ಕಾಶ್ಮೀರದ ಯುದ್ಧ ಇವೆಲ್ಲವೂ ಹೆಗಲ ಮೇಲಿದ್ದ ಕಾಲದಲ್ಲೇ ಇಬ್ಬರು ಎಳೆಯ ಮಕ್ಕಳ ಹೊಣೆಯೂ ಅವರದಾಗಿತ್ತು. ದಂಡನಾಯಕನ ಚರಿತ್ರೆ ಬರೆಯುವವರು ಈ ಸಂಗತಿಯನ್ನು ಒಂದೆರಡು ಸಾಲುಗಳಲ್ಲಿ ಮುಗಿಸುತ್ತಾರೆ. ಮಕ್ಕಳನ್ನು ಸಾಕಿದವರಿಗೆ ಮಾತ್ರ ಅದರ ಭಾರ ಗೊತ್ತು.

ಇನ್ನು 1965ರ ಪ್ರಸಂಗ. ವಾಯುಪಡೆಯ ಹಂಟರ್ ವಿಮಾನದ ಚಾಲಕರಾಗಿದ್ದ ನಂದ ಅವರ ವಿಮಾನವನ್ನು ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಕೆಲವೇ ತಾಸುಗಳಿರುವಾಗ, ಶತ್ರುಗಳು ಹೊಡೆದುರುಳಿಸಿದರು. ಗಾಯಗೊಂಡ ನಂದ ಸೆರೆಯಾಳಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಅವಿಭಜಿತ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದವರು. ಮಗನನ್ನು ಬಿಡುಗಡೆ ಮಾಡುವ ಇಂಗಿತ ಅವರಿಂದ ಬಂದಾಗ, ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬರ್ಥದ ಉತ್ತರ ಕೊಟ್ಟರೆಂಬುದು ಕೊಡಗಿನ ಮನೆಮನೆಯ ಮಾತು.

ಶಾಲೆಯ ಸಭೆಗಳಲ್ಲಿ ಈ ಪ್ರಸಂಗವನ್ನು ದೇಶಪ್ರೇಮದ ಮುಂದೆ ಪುತ್ರಪ್ರೇಮ ಸೋತ ಕಥೆಯಂತೆ ಹೇಳುವುದು ರೂಢಿ. 1999ರ ಮಳೆಗಾಲದಲ್ಲಿ, ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗ, ಒಂಬತ್ತನೇ ತರಗತಿಯಲ್ಲಿ ನಾನು ಇದನ್ನು ಹೇಳಿದೆ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಅವಳ ತಂದೆ ಆಗ ಗಡಿಯಲ್ಲಿದ್ದರು. ಮೂರು ವಾರಗಳಿಂದ ಕಾಗದ ಬಂದಿರಲಿಲ್ಲ. "ಸಾರ್, ಅವರಿಗೆ ಮಗ ಮನೆಗೆ ಬರೋದು ಬೇಡವಾಗಿತ್ತಾ?" ಎಂದು ಕೇಳಿದಳು. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ತರಗತಿಯಲ್ಲಿ ಒಂದು ಸದ್ದಿಲ್ಲ.

"ಬೇಕಾಗಿತ್ತಮ್ಮ, ತುಂಬಾ ಬೇಕಾಗಿತ್ತು" ಎಂದೆ. "ಆದರೆ ಅದೇ ಸೆರೆಮನೆಯಲ್ಲಿ ಬೇರೆ ತಂದೆಯರ ಮಕ್ಕಳೂ ಇದ್ದರು. ಆ ತಂದೆಯರಿಗೆ ಯಾವ ಅಧ್ಯಕ್ಷರ ಪರಿಚಯವೂ ಇರಲಿಲ್ಲ. ಹಳೆಯ ಸ್ನೇಹದ ಬಲದಿಂದ ತನ್ನ ಮಗನೊಬ್ಬನನ್ನೇ ಕರೆತಂದರೆ, ಆ ತಂದೆಯರ ಮುಖವನ್ನು ಅವರು ಹೇಗೆ ನೋಡಬೇಕು?" ಹುಡುಗಿ ತಲೆಯಾಡಿಸಿ ಕುಳಿತಳು. ಮರುವಾರ ಕಾಗದ ಬಂತೆಂದು ಅವಳೇ ಓಡಿಬಂದು ತಿಳಿಸಿದಳು.

ಇಂದಿಗೂ ನನ್ನ ಉತ್ತರ ಅದೇ. ಅಲ್ಲಿ ಪುತ್ರಪ್ರೇಮ ಸೋಲಲಿಲ್ಲ, ಅದು ಮನೆಯ ಅಂಗಳವನ್ನು ದಾಟಿತು. ಒಕ್ಕವೆಂಬ ದೊಡ್ಡ ಕುಟುಂಬದ ಕಲ್ಪನೆಯಲ್ಲಿ ಬೆಳೆದ ಕೊಡವರಿಗೆ ಇದು ಹೊಸತಲ್ಲ. ಐನ್‌ಮನೆಯ ಸೂರಿನಡಿ ಅಣ್ಣತಮ್ಮಂದಿರ ಮಕ್ಕಳೆಲ್ಲರೂ ಒಂದೇ ಹೆಸರಿನವರು. ಕಾರ್ಯಪ್ಪನವರ ಪಾಲಿಗೆ ಸೇನೆಯೂ ಅಂತಹ ಒಂದು ಒಕ್ಕವಾಗಿತ್ತು. ಮಾತ್ರವಲ್ಲ, ಸೌಜನ್ಯಕ್ಕೂ ಗಡಿಯಿರಲಿಲ್ಲವೆನ್ನಬೇಕು. ಆಸ್ಪತ್ರೆಯಲ್ಲಿದ್ದ ತಮ್ಮನ್ನು ಅಯೂಬ್ ಖಾನರ ಪತ್ನಿ ನೋಡಲು ಬಂದು, ಸಿಗರೇಟು ಮತ್ತು ವುಡ್‌ಹೌಸನ ಒಂದು ಕಾದಂಬರಿ ಕೊಟ್ಟು ಹೋದರೆಂದು ನಂದ ಅವರೇ ಮುಂದೆ ಹೇಳಿಕೊಂಡಿದ್ದಾರೆ. 1966ರ ಜನವರಿಯಲ್ಲಿ ಅವರು ತಾಯ್ನಾಡಿಗೆ ಮರಳಿದರು. ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು. ತಂದೆಯ ಜೀವನಚರಿತ್ರೆಯನ್ನೂ ಬರೆದರು. ಕಟ್ಟುನಿಟ್ಟಿನ ತಂದೆಗೆ ಮಗ ಸಲ್ಲಿಸಬಹುದಾದ ಇದಕ್ಕಿಂತ ದೊಡ್ಡ ಕಾಣಿಕೆ ಯಾವುದು?

ನಿವೃತ್ತಿಯ ನಂತರದ ನಾಲ್ಕು ದಶಕಗಳಲ್ಲಿಯೂ ಅವರು ಮಾಜಿ ಸೈನಿಕರ ಬವಣೆಗಳನ್ನು ಕೈಬಿಡಲಿಲ್ಲ. ಮಡಿಕೇರಿಯ ತಮ್ಮ 'ರೋಶನಾರಾ' ಮನೆಯಲ್ಲಿ ಶಿಸ್ತಿನಿಂದ ಬಾಳಿ, 1993ರ ಮೇ 15ರಂದು ಬೆಂಗಳೂರಿನಲ್ಲಿ ತಮ್ಮ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಅಂತ್ಯಸಂಸ್ಕಾರ ಮಡಿಕೇರಿಯಲ್ಲಿ ನಡೆಯಿತು. ಫೀಲ್ಡ್ ಮಾರ್ಷಲ್ ಮಾಣಿಕ್‌ಷಾ ಅವರೂ ಬಂದು ಅಂತಿಮ ಗೌರವ ಸಲ್ಲಿಸಿದರು.

ಓದುಗ ಮಿತ್ರರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಸುಬೇದಾರರೋ ಹವಾಲ್ದಾರರೋ ಎದುರಾದಾಗ, ಯಾವ ಯುದ್ಧದಲ್ಲಿದ್ದಿರಿ ಎಂದು ಕೇಳುವುದರ ಜೊತೆಗೆ, ಆಗ ಮನೆಯಲ್ಲಿ ಯಾರು ಯಾರಿದ್ದರು ಎಂದೂ ಕೇಳಿ. ಮೊದಲ ಪ್ರಶ್ನೆಗೆ ಉತ್ತರ ಒಂದೆರಡು ಮಾತುಗಳಲ್ಲಿ ಮುಗಿಯಬಹುದು. ಎರಡನೆಯದಕ್ಕೆ ಅವರು ನಿಮ್ಮನ್ನು ಒಳಗೆ ಕರೆದು, ಕಾಫಿ ಕೊಟ್ಟು, ಕುಳ್ಳಿರಿಸಿಕೊಂಡು ಹೇಳುತ್ತಾರೆ.