ಇನ್‌ಸ್ಟಾಲ್ ಆಗೈತಿ, ಆದ್ರೂ ಕಾಣವಲ್ದು

ತಿಂಗಳ 20ನೇ ತಾರೀಖು ಬಂತೆಂದರೆ ಹುಬ್ಬಳ್ಳಿಯ ಆಡಿಟರ್ ಕಚೇರಿಗಳಲ್ಲಿ ಜಿಎಸ್‌ಟಿ ರಿಟರ್ನ್‌ನ ಗಡಿಬಿಡಿ. ಕಂಪನಿಯ ರಿಟರ್ನ್‌ಗೆ ಡಿಜಿಟಲ್ ಸಹಿ ಹಾಕಬೇಕು. ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿದೆ, ಸಹಿ ಹಾಕಿಸುವ ಪ್ಲಗ್-ಇನ್ ಎಮ್‌ಸೈನರ್ ಇನ್‌ಸ್ಟಾಲ್ ಆಗಿದೆ. ಆದರೂ ಸರ್ವರ್ ಜತೆ ಸಂಪರ್ಕ ಸಿಗಲಿಲ್ಲ ಎನ್ನುತ್ತದೆ ಪರದೆ. ‘ಸರ್ವರ್ ಡೌನ್’ ಎಂದು ಚಹಾ ತರಿಸಿ ಕೂರುವುದು ವಾಡಿಕೆ. ಆದರೆ ಆ ಸರ್ವರ್ ದಿಲ್ಲಿಯದ್ದಲ್ಲ, ಮೇಜಿನ ಕೆಳಗಿರುವ ಅದೇ ಕಂಪ್ಯೂಟರು. ಈಗ ಇಂಥ ಪ್ಲಗ್-ಇನ್ ಬ್ರೌಸರಿನ ಒಳಗಿರುವುದಿಲ್ಲ. ಹೊರಗೆ ಪ್ರತ್ಯೇಕ ಪ್ರೋಗ್ರಾಮಾಗಿ ಓಡುತ್ತಿರುತ್ತದೆ. ಬ್ರೌಸರ್ 127.0.0.1 ಎಂಬ, ಅದೇ ಕಂಪ್ಯೂಟರಿನ ವಿಳಾಸದಲ್ಲಿ ಅದರೊಡನೆ ಮಾತಾಡುತ್ತದೆ. ಇನ್‌ಸ್ಟಾಲ್ ಆಗಿದ್ದು ಓಡುತ್ತಿರಲೇಬೇಕೆಂದಿಲ್ಲ. ಓಡುತ್ತಿದ್ದರೂ ಅದರ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ನಂಬಲೇಬೇಕೆಂದಿಲ್ಲ.

ಬ್ರೌಸರಿನ ಒಳಗೇ ಇದ್ದ ಹಳೆಯ ಜಾವಾ ಪ್ಲಗ್-ಇನ್ನೇ ಚಲೋ ಇತ್ತಲ್ಲ ಎನ್ನುವವರಿದ್ದಾರೆ. ಅದಕ್ಕೆ ಇಡೀ ಕಂಪ್ಯೂಟರಿನ ಮೇಲೆ ಹಿಡಿತವಿತ್ತು, ಕಳ್ಳ ಪ್ರೋಗ್ರಾಮುಗಳಿಗೂ ಅದೇ ದಾರಿ. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಆ ಬಾಗಿಲು ಮುಚ್ಚಿದ್ದು ಸರಿಯೇ. ಬಳಸುವವರು ಇಷ್ಟಾದರೂ ಕಲಿಯಬೇಡವೇ ಎಂಬ ಮಾತೂ ಇದೆ. ಕಲಿಯಲಿ, ಆದರೆ ಲೆಕ್ಕ ನೋಡುವವರಿಗೆ ಪೋರ್ಟ್ ನಂಬರಿನ ಪಾಠ ಯಾತಕ್ಕೆ? ಪ್ರೋಗ್ರಾಂ ನಿಂತಿದೆಯೋ, ಪ್ರಮಾಣಪತ್ರ ಒಪ್ಪಿಗೆಯಾಗಿಲ್ಲವೋ, ಟೋಕನ್ನೇ ಸಿಗುತ್ತಿಲ್ಲವೋ ಎಂದು ಬಿಡಿಸಿ ಹೇಳುವುದು ಪರದೆಯ ಕೆಲಸ. ಪರದೆಯ ಆ ಸಂದೇಶವನ್ನು ತಿದ್ದುವವರೆಗೆ, ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವ ಮೊದಲು ಎಮ್‌ಸೈನರನ್ನು ಅಡ್ಮಿನಿಸ್ಟ್ರೇಟರ್ ಆಗಿ ಚಾಲೂ ಮಾಡಿ, ಅದೇ ಬ್ರೌಸರಿನಲ್ಲಿ https://127.0.0.1:1585 ತೆರೆದು, ಎಚ್ಚರಿಕೆ ಬಂದರೆ ಒಪ್ಪಿಗೆ ಕೊಟ್ಟು ನೋಡಿ.