ಗ್ರಾನ್ಯಾನೊ ಊರಿನ ಶಾವಿಗೆ

ಇಟಲಿ ದೇಶದ ನೇಪಲ್ಸ್ ಪಟ್ಟಣಕ್ಕೆ ಆಗ್ನೇಯವಾಗಿ ಸುಮಾರು 30 ಕಿಲೋಮೀಟರು ದೂರದಲ್ಲಿ ಗ್ರಾನ್ಯಾನೊ ಎಂಬ ಸಣ್ಣ ಊರೊಂದುಂಟು. ಕಳೆದ ವರ್ಷದ ಕಾರ್ತಿಕ ಮಾಸದಲ್ಲಿ ನಾವು ಸಕುಟುಂಬರಾಗಿ ಅಲ್ಲಿಗೆ ಹೋಗಿಬಂದೆವು. ನಮ್ಮ ಮಗನು ಉದ್ಯೋಗನಿಮಿತ್ತ ನೇಪಲ್ಸಿನಲ್ಲಿ ನೆಲೆಸಿರುವುದರಿಂದ, 35 ವರ್ಷ ಬಾಲಕರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಮಗೂ ಈ ಯೋಗ ಒದಗಿತು.

ನೇಪಲ್ಸಿನಿಂದ ಸೊರೆಂಟೊ ಕಡೆಗೆ ಸಾಗುವ ರೈಲು ವೆಸೂವಿಯಸ್ ಅಗ್ನಿಪರ್ವತದ ಬುಡವನ್ನು ಬಳಸಿಕೊಂಡು ಹೋಗುತ್ತದೆ. ಎಡಕ್ಕೆ ಪರ್ವತ, ಬಲಕ್ಕೆ ಸಮುದ್ರ. ಕ್ರಿ. ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪೊಂಪೈ ನಗರವು ಇದೇ ದಾರಿಯಲ್ಲಿದೆ. ಮುಂದೆ ಕಾಸ್ತೆಲ್ಲಮ್ಮಾರೆ ಎಂಬಲ್ಲಿ ಇಳಿದು ಬಸ್ಸು ಹತ್ತಿದರೆ, ಲತ್ತಾರಿ ಬೆಟ್ಟಗಳ ತಪ್ಪಲಿನಲ್ಲಿ ಗ್ರಾನ್ಯಾನೊ ಎದುರಾಗುತ್ತದೆ.

ಈ ಊರಿನ ಕೀರ್ತಿಯೆಲ್ಲವೂ ಒಣಗಿಸಿದ ಗೋಧಿಯ ಶಾವಿಗೆಯಿಂದ ಬಂದದ್ದು. ಆ ದೇಶದವರು ಇದನ್ನೂ ಇದರ ಬಂಧುವರ್ಗವನ್ನೂ ಪಾಸ್ತಾ ಎನ್ನುತ್ತಾರೆ. ಬೆಟ್ಟದಿಂದ ಇಳಿಯುವ ತೊರೆಗಳು ಹಿಂದೆ ಇಲ್ಲಿ ಹಿಟ್ಟಿನ ಗಿರಣಿಗಳನ್ನು ತಿರುಗಿಸುತ್ತಿದ್ದುವು. ಗಿರಣಿಗಳ ಕಣಿವೆಯೆಂದೇ ಹೆಸರಾದ ಸ್ಥಳದಲ್ಲಿ ಅವುಗಳ ಪಾಳುಗೋಡೆಗಳು ಇಂದಿಗೂ ನಿಂತಿವೆ. ಶಾವಿಗೆಯು ಬೇಗ ಒಣಗಿದರೆ ಸೀಳುತ್ತದೆ, ತಡವಾದರೆ ಹುಳಿಯುತ್ತದೆ. ಇಲ್ಲಿ ಸಮುದ್ರದ ತೇವಗಾಳಿಯೂ ಬೆಟ್ಟದ ಗಾಳಿಯೂ ಕೂಡುವುದರಿಂದ ಅದು ಹದವಾಗಿ ಆರುತ್ತಿತ್ತು. ಒಣಗಿಸುವ ಯಂತ್ರಗಳು ಬರುವ ಮುನ್ನ ಪೇಟೆಬೀದಿಯ ಎರಡೂ ಬದಿಗೆ ಗಳುಗಳನ್ನು ನಿಲ್ಲಿಸಿ, ಒಗೆದ ಸೀರೆಗಳಂತೆ ಶಾವಿಗೆಯನ್ನು ಹರವುತ್ತಿದ್ದರು. ಇಂದಿಗೂ ಗಟ್ಟಿಗೋಧಿಯ ರವೆಯನ್ನು ಊರಿನ ನೀರಿನಲ್ಲಿ ಕಲಸಿ, ಕಂಚಿನ ಅಚ್ಚಿನಲ್ಲಿ ಒತ್ತುವುದೇ ಪದ್ಧತಿ. ಕಂಚಿನಿಂದ ಎಳೆಯ ಮೈ ತರಿತರಿಯಾಗಿ, ಸಾರವನ್ನು ಹಿಡಿದುಕೊಳ್ಳುತ್ತದೆ. 2013ರಲ್ಲಿ ಯೂರೋಪಿನ ಒಕ್ಕೂಟವು ಈ ಊರಿನ ಹೆಸರಿಗೆ ರಕ್ಷಣೆ ಕೊಟ್ಟಿತು.

ನಮ್ಮ ಬಡಗನಾಡಿನ ಗೃಹಿಣಿಯರು ಗೋಧಿಯ ಶಾವಿಗೆಯನ್ನು ಹೊಸೆದು ಬಿಸಿಲಿನಲ್ಲಿ ಒಣಹಾಕುವುದನ್ನು ಕಂಡವರಿಗೆ ಇದಾವುದೂ ಪರಕೀಯವೆನಿಸದು. ಸ್ಪಗೆಟ್ಟಿ ಎಂಬ ಹೆಸರಿಗೂ ಸಣ್ಣ ದಾರಗಳೆಂದೇ ಅರ್ಥ. ನಮ್ಮ ಭಾಷೆಯಲ್ಲಿ ಸೂತ್ರವೆನ್ನಬಹುದು. ಆದರೆ ಇದಕ್ಕೆ ಭಾಷ್ಯದ ಕಷ್ಟವಿಲ್ಲ.

ಸಂಜೆ ಮಳೆಯಲ್ಲಿ ನೆನೆದು ಮಗನ ಮನೆಗೆ ಮರಳಿದೆವು. ನಾವು ಊರಿನಿಂದ ಕಟ್ಟಿಕೊಂಡು ಹೋಗಿದ್ದ ಅವಲಕ್ಕಿಯೂ ಹುರಿಹಿಟ್ಟೂ ಅಂದಿಗೆ ಮುಗಿದಿದ್ದುವು. ಅಡುಗೆಗೆಂದು ನಮ್ಮ ಮನೆಯಾಕೆಯು ಬೀರುವನ್ನು ತೆರೆದಳು. ಒಳಗೆ ಸ್ಪಗೆಟ್ಟಿಯ ಒಂದು ಪೊಟ್ಟಣ, ಅರ್ಧ ಸೀಸೆ ಆಲಿವ್ ಎಣ್ಣೆ, ಒಂದು ಗೆಡ್ಡೆ ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಉಪ್ಪು. ಮತ್ತೇನೂ ಇರಲಿಲ್ಲ. ಆಕೆ ತಿರುಗಿ ನಮ್ಮ ಮುಖ ನೋಡಿದಳು.

ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಕೆಲಸ ಹೋಗಿ ಮೂರು ತಿಂಗಳಾಯಿತು. ನಿಮ್ಮಿಬ್ಬರ ಟಿಕೆಟ್ಟನ್ನು ಅದಕ್ಕೆ ಮೊದಲೇ ಕೊಂಡಿದ್ದೆ. ಬರಬೇಡಿರೆನ್ನಲು ಮನಸ್ಸಾಗಲಿಲ್ಲ" ಎಂದನು. ಒಂದು ಯೂರೋ ಆಸುಪಾಸಿಗೆ ಸಿಕ್ಕುವ ಅರ್ಧ ಕಿಲೋ ಪೊಟ್ಟಣವೇ ಆ ಮೂರು ತಿಂಗಳು ಅವನನ್ನು ಸಾಕಿದ್ದಿತು.

ನಾವು ಆಡಬೇಕೆಂದಿದ್ದ ಮಾತುಗಳಾವುವೂ ಬಾಯಿಗೆ ಬರಲಿಲ್ಲ. "ಹಾಗಾದರೆ ನೀನೇ ಮಾಡಿ ಬಡಿಸು, ನೋಡೋಣ" ಎಂದೆವು.

ಮೂವರಿಗೆ 300 ಗ್ರಾಂ ಸ್ಪಗೆಟ್ಟಿ, 3 ಲೀಟರು ನೀರು, 30 ಗ್ರಾಂ ಉಪ್ಪು. ಇದು ಆ ದೇಶದ ಮನೆಮನೆಯ ಲೆಕ್ಕ. ನೀರು ಕುದಿಯುತ್ತಿರುವಾಗ ಅವನು ಅಗಲವಾದ ಬಾಣಲೆಯಲ್ಲಿ ಆರು ಚಮಚ ಎಣ್ಣೆಯಿಟ್ಟು, ಅದು ಕಾಯುವ ಮೊದಲೇ ಮೂರು ಎಸಳು ಬೆಳ್ಳುಳ್ಳಿಯನ್ನು ಹೆಚ್ಚಿ ಹಾಕಿದನು. ಉರಿ ಸಣ್ಣದಾಗಿರಬೇಕು, ಎಸಳು ಹೊಂಬಣ್ಣಕ್ಕೆ ತಿರುಗಿದರೆ ಸಾಕು, ಕಪ್ಪಾದರೆ ಕಹಿ. ಬಳಿಕ ಒಂದು ಮೆಣಸಿನಕಾಯಿಯನ್ನು ಮುರಿದು ಹಾಕಿದನು. ಪೊಟ್ಟಣದ ಮೇಲೆ ಹೇಳಿದ ಸಮಯಕ್ಕೆ ಎರಡು ನಿಮಿಷ ಮುಂಚೆಯೇ ಎಳೆಗಳನ್ನೆತ್ತಿ ಬಾಣಲೆಗೆ ಹಾಕಿ, ಬೇಯಿಸಿದ ನೀರನ್ನೇ ಒಂದು ಸೌಟು ಬೆರೆಸಿ, ಬಿಡದೆ ಕಲಕಿದನು. ಆ ನೀರಿನ ಗಂಜಿಯೂ ಎಣ್ಣೆಯೂ ಕೂಡಿ ಹಾಲಿನಂತೆ ಮಂದವಾಗಿ ಎಳೆಗಳಿಗೆ ಅಂಟಿಕೊಂಡಿತು. ಮೇಲೆ ಪಾರ್ಸ್ಲಿ ಸೊಪ್ಪನ್ನು ಉದುರಿಸುವುದುಂಟು, ಅಂದು ಇರಲಿಲ್ಲ. ಎಳೆಯ ನಡುವೆ ತುಸು ಬಿಗಿ ಉಳಿದಿರಬೇಕು; ಅದನ್ನು ಅವರು ಆಲ್ ದೆಂತೆ ಎನ್ನುತ್ತಾರೆ. ದೆಂತೆಯೆಂದರೆ ನಮ್ಮ ದಂತವೇ. ಒಂದೇ ಮೂಲದ ಶಬ್ದ.

ಬಡಿಸುವಾಗ ಅವನ ಕೈ ತಡೆಯಿತು. ಮನುಸ್ಮೃತಿಯ 5ನೆಯ ಅಧ್ಯಾಯವು ಲಶುನವನ್ನು ದ್ವಿಜರಿಗೆ ನಿಷೇಧಿಸುತ್ತದೆ. ನಾವು ಅರವತ್ತು ವರ್ಷ ಅದನ್ನು ಮುಟ್ಟಿದವರಲ್ಲ. "ಎಸಳುಗಳನ್ನು ಆರಿಸಿ ತೆಗೆದುಬಿಡುತ್ತೇನೆ, ಅಪ್ಪಾ" ಎಂದನು. ಬರಗಾಲದಲ್ಲಿ ವಿಶ್ವಾಮಿತ್ರನು ನಾಯಿಯ ಮಾಂಸಕ್ಕೆ ಕೈನೀಡಿದ ಕಥೆಯನ್ನು ಶಾಂತಿಪರ್ವವು ಹೇಳುತ್ತದೆ. ಮಗನು ತನ್ನಲ್ಲಿದ್ದುದೆಲ್ಲವನ್ನೂ ಮುಂದಿಟ್ಟಾಗ ಬೆಳ್ಳುಳ್ಳಿಯ ಮೂರು ಎಸಳಿಗೆ ಅಂಜಬೇಕೆ? "ಇರಲಿ, ಹಾಗೆಯೇ ಬಡಿಸು" ಎಂದೆವು.

ಖಾರವು ಹಿತವಾಗಿತ್ತು, ಎಣ್ಣೆಯ ಪರಿಮಳವು ಕೈಯಲ್ಲಿ ಉಳಿದಿತ್ತು. ನಮ್ಮ ಮನೆಯಾಕೆಯು ಎರಡನೆಯ ಸಲ ಹಾಕಿಸಿಕೊಂಡಳು. ಮಗನು ನಕ್ಕನು, ನಾವು ಅಲ್ಲಿಗೆ ಹೋದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

ಇಷ್ಟು ವರ್ಷ ನಾವು ಅವನನ್ನು ಕೇಳುತ್ತಿದ್ದುದು ಸಂಬಳವೆಷ್ಟು, ಬಡ್ತಿಯೆಂದು, ಮದುವೆಯ ವಿಚಾರವೇನು ಎಂಬಿಷ್ಟೇ. ಅವನು ಇನ್ನೂ ಅಲ್ಲಿಯೇ ಕೆಲಸ ಹುಡುಕುತ್ತಿದ್ದಾನೆ. ಈಗ ಪ್ರತಿ ಭಾನುವಾರ ದೂರವಾಣಿಯಲ್ಲಿ ನಮ್ಮ ಮೊದಲ ಪ್ರಶ್ನೆ, "ಬೀರುವಿನಲ್ಲಿ ಏನೇನಿದೆ?" ಎಂಬುದು. ಅವನು ಒಂದೊಂದನ್ನೇ ಹೆಸರಿಸುತ್ತಾನೆ. ನಮ್ಮ ಮನೆಯಾಕೆಯು ಪಕ್ಕದಲ್ಲಿ ಕುಳಿತು ಬೆರಳು ಮಡಿಸುತ್ತಾಳೆ.