ಬೊಲಿವಿಯಾದಲ್ಲಿ ಮುಯ್ಯಾಳು

ಬೊಲಿವಿಯಾ ದಕ್ಷಿಣ ಅಮೆರಿಕದ ನಡುವೆ ಇರುವ ದೇಶ. ಸಮುದ್ರ ಇಲ್ಲ, ಸುತ್ತ ಐದು ದೇಶಗಳು. ನಮ್ಮಲ್ಲಿ ಬೆಳಗ್ಗೆ 6 ಗಂಟೆ ಆದಾಗ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ. ಅಲ್ಲಿನ ಕೊಚಬಾಂಬಾ ನಗರದ ಅಂಚಿನ ಒಂದು ಬಡಾವಣೆಯಲ್ಲಿ, ಶಾಲೆ ಮುಗಿಸಿ ಬಂದ ಮಕ್ಕಳಿಗೆ ಪಾಠ ಹೇಳುವ ಕೇಂದ್ರವಿದೆ. ಮೂರು ತಿಂಗಳು ಸಂಬಳವಿಲ್ಲದೆ ಅಲ್ಲಿ ಕೆಲಸ ಮಾಡಲು ಹೋಗಿದ್ದೆ. ಕಳಿಸಿದ ಸಂಸ್ಥೆಯ ಪತ್ರದಲ್ಲಿ ನನ್ನ ಕೆಲಸ ಎರಡೇ ಸಾಲಿನಲ್ಲಿತ್ತು: ಇಂಗ್ಲಿಷ್ ಕಲಿಸುವುದು, ಕೈ ತೊಳೆಯುವ ಅಭ್ಯಾಸ ಮಾಡಿಸುವುದು.

ಸೇರುವ ಮೊದಲು 24 ದಿನ ಇಟ್ಟುಕೊಂಡು ದೇಶ ಸುತ್ತಿದೆ. ಬೆನ್ನಿಗೊಂದು ಚೀಲ, ಓಡಾಟಕ್ಕೆ ಬಸ್ಸು, ಮಲಗಲು ಅಗ್ಗದ ಲಾಡ್ಜು. ಆಗ ಜೂನ್ ತಿಂಗಳು. ಅಲ್ಲಿ ಅದು ಚಳಿಗಾಲ.

ಮೊದಲು ಎತ್ತರದ ವಿಷಯ ಹೇಳಿಬಿಡುತ್ತೇನೆ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಅಲ್ಲಿನ ಸರ್ಕಾರ ನಡೆಯುವ ಲಾ ಪಾಜ್ ನಗರ ಇರುವುದು ಸುಮಾರು 3,640 ಮೀಟರ್ ಎತ್ತರದಲ್ಲಿ. ಪಕ್ಕದ ಎಲ್ ಆಲ್ಟೋದಲ್ಲಿರುವ ವಿಮಾನ ನಿಲ್ದಾಣ 4,000 ಮೀಟರ್‌ಗೂ ಮೇಲಿದೆ. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ನೀರು 100 ಡಿಗ್ರಿಗೆ ಮುಂಚೆಯೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ.

ಅದಕ್ಕೇ ನಾನು ಲಾ ಪಾಜ್‌ಗೆ ನೇರವಾಗಿ ಹೋಗಲಿಲ್ಲ. ತಗ್ಗಿನಲ್ಲಿರುವ ಸಾಂತಾ ಕ್ರೂಜ್ ಊರಲ್ಲಿ ಇಳಿದು ಬಸ್ಸಿನಲ್ಲಿ 2,800 ಮೀಟರ್‌ನ ಸುಕ್ರೆಗೆ ಬಂದು ನಾಲ್ಕು ದಿನ ಉಳಿದೆ. ಆಮೇಲೆ ಮೇಲೆ ಹತ್ತಿದೆ. ಆದರೂ ಮೊದಲೆರಡು ದಿನ ತಲೆನೋವು ಬಿಡಲಿಲ್ಲ. ನಿಧಾನ ನಡೆ, ನೀರು ಕುಡಿ, ರಾತ್ರಿ ಹೊಟ್ಟೆ ತುಂಬ ಉಣ್ಣಬೇಡ ಅಂತ ಎಲ್ಲರೂ ಹೇಳುತ್ತಾರೆ. ಸುಮ್ಮನೆ ಕೂತಾಗಲೂ ಉಸಿರು ಸಿಗದಿದ್ದರೆ ಅಥವಾ ಮಾತು ತಡವರಿಸಿದರೆ ಕೂಡಲೇ ಕೆಳಗಿಳಿಯಬೇಕು. ಕೋಕಾ ಎಲೆಯ ಚಹಾ ಎಲ್ಲಾ ಕಡೆ ಸಿಗುತ್ತದೆ, ಅಲ್ಲಿ ಅದು ಕಾನೂನಿಗೆ ವಿರುದ್ಧವಲ್ಲ. ಕೊಕೇನ್ ತಯಾರಾಗುವುದೂ ಅದೇ ಎಲೆಯಿಂದಲೇ. ಹಾಗಾಗಿ ನೆನಪಿಗೆಂದು ಒಂದು ಎಲೆಯನ್ನೂ ಊರಿಗೆ ತರಬೇಡಿ.

ಸುಕ್ರೆಯಿಂದ ಮೂರು ಗಂಟೆ ಬಸ್ಸಿನಲ್ಲಿ ಹೋದರೆ ಪೊಟೋಸಿ. ಊರಿನ ತಲೆಯ ಮೇಲೆ ಕೆಂಪು ಬೆಟ್ಟ. 1545ರಲ್ಲಿ ಅದರಲ್ಲಿ ಬೆಳ್ಳಿ ಸಿಕ್ಕಿತು. ಸ್ಪೇನ್ ದೇಶದವರು ಸುತ್ತಲಿನ ಹಳ್ಳಿಗಳಿಂದ ಸರದಿ ಪ್ರಕಾರ ಗಂಡಸರನ್ನು ಬಿಟ್ಟಿ ಚಾಕರಿಗೆ ಎಳೆದು ತಂದು, ಆ ಬೆಳ್ಳಿಯನ್ನು ಹಡಗುಗಳಲ್ಲಿ ಸಾಗಿಸಿದರು. ಬೆಟ್ಟದಲ್ಲಿ ಈಗಲೂ ಗಣಿ ಕೆಲಸ ನಡೆಯುತ್ತದೆ. ದುಡ್ಡು ಕೊಟ್ಟರೆ ಪ್ರವಾಸಿಗರನ್ನು ಒಳಗೆ ಕರೆದೊಯ್ದು ತೋರಿಸುತ್ತಾರೆ. ಧೂಳು ಕುಡಿದು ದುಡಿಯುವವರನ್ನು ನೋಡಿ ಬರಲು ನನಗೆ ಮನಸ್ಸಾಗಲಿಲ್ಲ. ಹೊರಗೆ ಅಂಗಡಿ ಮುಂದೆ ಕೂತಿದ್ದಾಗ ಒಬ್ಬ ಮುದುಕ, "ನೀನು ಏನು ಒಯ್ಯಲು ಬಂದೆ?" ಅಂತ ಕೇಳಿದ. ತಮಾಷೆಗೆ ಕೇಳಿದ್ದು. ಆದರೆ ಮುಂದೆ ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿತ್ತು.

ಪೊಟೋಸಿ ಬಿಟ್ಟು ಉಯುನಿಗೆ ಬಂದೆ. ಅಲ್ಲಿರುವುದು ಜಗತ್ತಿನಲ್ಲೇ ದೊಡ್ಡ ಉಪ್ಪಿನ ಬಯಲು. ವಿಸ್ತೀರ್ಣ 10,000 ಚದರ ಕಿಲೋಮೀಟರ್‌ಗೂ ಹೆಚ್ಚು, ಅಂದರೆ ಹೆಚ್ಚುಕಡಿಮೆ ನಮ್ಮ ತುಮಕೂರು ಜಿಲ್ಲೆಯಷ್ಟು. ಕಣ್ಣು ಹಾಯುವಷ್ಟು ದೂರ ಬಿಳುಪು. ಆ ಉಪ್ಪಿನ ಕೆಳಗಿನ ನೀರಿನಲ್ಲಿ ಲಿಥಿಯಂ ಇದೆ. ನೀವು ಇದನ್ನು ಓದುತ್ತಿರುವ ಮೊಬೈಲಿನ ಬ್ಯಾಟರಿಗೆ ಬೇಕಾದದ್ದು ಅದೇ. ಬೆಳ್ಳಿಯ ಹಾಗೆ ಇದೂ ಹೊರಗೆ ಹೋಗಿ ನಮಗೆ ಗುಂಡಿ ಮಾತ್ರ ಉಳಿದರೆ ಏನು ಗತಿ ಅಂತ ಜೀಪಿನ ಡ್ರೈವರ್ ಹೇಳುತ್ತಿದ್ದ. ಹೊರಗಿನವರು ಬಂದಾಗಲೆಲ್ಲ ಏನನ್ನಾದರೂ ಒಯ್ದೇ ಹೋಗಿದ್ದಾರೆ ಅನ್ನುವುದು ಅಲ್ಲಿನ ಜನರಿಗೆ ಅನುಭವದ ಮಾತು.

ಲಾ ಪಾಜ್ ಮೂಲಕ ಟಿಟಿಕಾಕಾ ಸರೋವರದ ಕಡೆ ಹೋದೆ. ಅದು 3,812 ಮೀಟರ್ ಎತ್ತರದಲ್ಲಿದೆ. ದಾರಿಯಲ್ಲಿ ಟಿಕಿನಾ ಅನ್ನುವ ಕಡೆ ನೀರು ದಾಟಬೇಕು. ಜನರೆಲ್ಲ ಇಳಿದು ದೋಣಿಯಲ್ಲಿ, ಬಸ್ಸು ಖಾಲಿಯಾಗಿ ಮರದ ತೆಪ್ಪದ ಮೇಲೆ. ಈ ಸರೋವರದ ಸುತ್ತಲಿನ ಎತ್ತರದ ನಾಡೇ ಆಲೂಗಡ್ಡೆಯ ತವರು. ಸಾವಿರಾರು ವರ್ಷ ಹಿಂದೆ ಅಲ್ಲಿನ ರೈತರು ಪಳಗಿಸಿದ ಗಡ್ಡೆ ಯುರೋಪಿಗೆ ಹೋಗಿ, ಹಡಗು ಹತ್ತಿ ನಮ್ಮಲ್ಲಿಗೆ ಬಂತು. ಕರಾವಳಿಯವರು ಹೇಳುವ 'ಬಟಾಟೆ' ಪೋರ್ಚುಗೀಸರ ಜೊತೆ ಬಂದ ಹೆಸರು. ಹಾಸನದ ರೈತರು ಅಂಗಮಾರಿ ರೋಗಕ್ಕೆ ಹೆದರಿ ಬೆಳೆಯುವ ಗಡ್ಡೆಯ ಮೂಲ ಇಲ್ಲಿದೆ.

ಜೂನ್‌ನಲ್ಲಿ ಅಲ್ಲಿ 'ಚುನ್ಯೋ' ಮಾಡುವ ಕಾಲ. ಸಣ್ಣ ಗಡ್ಡೆಗಳನ್ನು ರಾತ್ರಿ ಬಯಲಲ್ಲಿ ಹರಡಿ ಹಿಮಕ್ಕೆ ಹೆಪ್ಪುಗಟ್ಟಿಸುತ್ತಾರೆ, ಹಗಲು ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಾರೆ, ಬಿಸಿಲಿಗೆ ಒಣಗಿಸುತ್ತಾರೆ. ಕಲ್ಲಿನಂತಾದ ಆ ಗಡ್ಡೆ ವರ್ಷಗಟ್ಟಲೆ ಕೆಡುವುದಿಲ್ಲ. ಕೋಲ್ಡ್ ಸ್ಟೋರೇಜ್ ಬೇಡ, ಕರೆಂಟ್ ಬೇಡ. ನಾನು ಉಳಿದಿದ್ದ ಮನೆಯವರ ಹೊಲದಲ್ಲಿ ಎರಡು ದಿನ ನಾನೂ ತುಳಿದೆ. ಅಕ್ಕಪಕ್ಕದ ನಾಲ್ಕು ಮನೆಯವರು ಬಂದಿದ್ದರು, ಯಾರಿಗೂ ಕೂಲಿ ಇಲ್ಲ. ಮುಂದಿನ ವಾರ ಈ ಮನೆಯವರು ಅವರ ಹೊಲಕ್ಕೆ ಹೋಗಬೇಕು. ಅದಕ್ಕೆ ಅವರು 'ಐನಿ' ಅನ್ನುತ್ತಾರೆ. ನಮ್ಮಲ್ಲಿ ನಾಟಿಗೆ, ಕೊಯ್ಲಿಗೆ ಹೋಗುವ ಮುಯ್ಯಾಳು ಇದ್ದಾರಲ್ಲ, ಅದೇ ಲೆಕ್ಕ.

ಕೊಚಬಾಂಬಾದಲ್ಲಿ ಮೂರು ತಿಂಗಳು ಪುಕ್ಕಟೆ ಕೆಲಸ ಮಾಡಲು ಬಂದಿದ್ದೇನೆ ಅಂತ ಆ ಮನೆಯ ಅಜ್ಜಿಗೆ ಹೇಳಿದೆ. ಅಜ್ಜಿಗೆ ಬರುತ್ತಿದ್ದುದು ಐಮಾರಾ ಭಾಷೆ ಮಾತ್ರ. ಮೊಮ್ಮಗಳು ಸ್ಪ್ಯಾನಿಷ್‌ಗೆ ತಿರುಗಿಸಿ ಹೇಳಿದ ಪ್ರಶ್ನೆ ಇದು: "ಹಾಗಾದರೆ ನಿಮ್ಮೂರ ಕೆಲಸಕ್ಕೆ ಇಲ್ಲಿಂದ ಯಾರು ಬರುತ್ತಾರೆ?" ಯಾರೂ ಬರುವುದಿಲ್ಲ ಅಂದೆ. ಅಜ್ಜಿ ತಲೆ ಆಡಿಸಿದಳು. ತೀರಿಸಲು ಆಗದ ಮುಯ್ಯಿ ಇಸಕೊಂಡವರ ತಲೆ ಮೇಲೆ ಭಾರ ಅಂತ ಅವಳ ಮಾತು. ನಮ್ಮೂರಲ್ಲೂ ಹಾಗೇ. ಮುಯ್ಯಾಳಿಗೆ ಬಂದವರ ಜೊತೆ ಸಮನಾಗಿ ಕೂತು ಉಣ್ಣುತ್ತೇವೆ, ದಾನ ಕೊಟ್ಟವರ ಮುಂದೆ ಮಾತ್ರ ಎದ್ದು ನಿಲ್ಲುತ್ತೇವೆ.

ಈ ಪ್ರಶ್ನೆ ಹೊತ್ತುಕೊಂಡೇ ಕೊಚಬಾಂಬಾಕ್ಕೆ ಇಳಿದೆ. ಆ ಊರಿನ ಹೆಸರು ಜಗತ್ತಿಗೆ ಗೊತ್ತಾಗಿದ್ದು ನೀರಿನಿಂದ. ನಗರದ ನೀರು ಪೂರೈಕೆಯನ್ನು ಖಾಸಗಿಯವರಿಗೆ ವಹಿಸಿ ದರ ಏರಿದಾಗ, 2000ದ ಮೊದಲ ತಿಂಗಳುಗಳಲ್ಲಿ ಜನ ಬೀದಿಗಿಳಿದರು. ಊರವರೇ ತೋಡಿಕೊಂಡ ಬಾವಿಗಳೂ ಕೈತಪ್ಪುತ್ತವೆ ಅನ್ನುವ ಭಯ ಇತ್ತು. ಏಪ್ರಿಲ್‌ನಲ್ಲಿ ಸರ್ಕಾರ ಆ ಒಪ್ಪಂದವನ್ನೇ ಕೈಬಿಡಬೇಕಾಯಿತು. ಅದಕ್ಕೂ ಮೊದಲು ಹದಿನೇಳರ ಒಬ್ಬ ಹುಡುಗ ಗುಂಡೇಟಿಗೆ ಸತ್ತಿದ್ದ.

ಹೋರಾಟ ಗೆದ್ದರೂ ನಗರದ ದಕ್ಷಿಣದ ಎಷ್ಟೋ ಬಡಾವಣೆಗಳಿಗೆ ನಲ್ಲಿ ಬರಲಿಲ್ಲ. ನಮ್ಮ ಕೇಂದ್ರ ಇದ್ದದ್ದು ಅಂಥ ಕಡೆ. ಟ್ಯಾಂಕರ್ ಬರುತ್ತದೆ, 200 ಲೀಟರಿನ ಡ್ರಮ್ ಲೆಕ್ಕದಲ್ಲಿ ನೀರು ಕೊಳ್ಳಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪತ್ರದಲ್ಲಿದ್ದ ಕೈ ತೊಳೆಯುವ ಪಾಠವನ್ನು ಪಕ್ಕಕ್ಕಿಟ್ಟು, ಕೇಂದ್ರ ನಡೆಸುವ ಅಕ್ಕನ ಹತ್ತಿರ ಒಂದು ಡ್ರಮ್ ನೀರು ಎಷ್ಟು ದಿನಕ್ಕೆ ಬರುತ್ತದೆ ಅಂತ ಮೊದಲು ಕೇಳಿದೆ. ಇಲ್ಲಿಯವರೆಗೆ ಬಂದ ಯಾರೂ ಅದನ್ನು ಕೇಳಿರಲಿಲ್ಲ ಅಂದಳು.

ಆ ವಾರ ಮಕ್ಕಳೇ ಲೆಕ್ಕ ಹಾಕಿದರು: ಅಡುಗೆಗೆ ಎಷ್ಟು, ಪಾತ್ರೆಗೆ ಎಷ್ಟು, ಉಳಿದದ್ದು ಎಷ್ಟು. ಅಷ್ಟರಲ್ಲೇ ಕೈ ತೊಳೆಯಬೇಕು. ಐದು ಲೀಟರಿನ ಕ್ಯಾನಿಗೆ ತೂತು ಮಾಡಿ, ಅಡ್ಡ ಕೋಲಿಗೆ ನೇತುಹಾಕಿ, ಅದರ ಬಾಯಿಗೆ ಕಟ್ಟಿದ ಹಗ್ಗವನ್ನು ನೆಲದ ಮೇಲಿನ ಕಡ್ಡಿಗೆ ಬಿಗಿದೆವು. ಕಡ್ಡಿ ತುಳಿದರೆ ಕ್ಯಾನ್ ಬಾಗಿ ಸಣ್ಣಗೆ ನೀರು ಸುರಿಯುತ್ತದೆ. ಚೊಂಬಿಗಿಂತ ಬಹಳ ಕಡಿಮೆ ನೀರು ಸಾಕು. ನಮ್ಮ ಅಂಗನವಾಡಿಗಳಲ್ಲೂ ಇದನ್ನು ಮಾಡಬಹುದು, ಖರ್ಚು ಹಗ್ಗದ್ದು ಮಾತ್ರ.

ಇಂಗ್ಲಿಷ್ ಪಾಠ ಬಿಡಲಿಲ್ಲ. ಆದರೆ ಐನಿ ಪದ್ಧತಿಯಲ್ಲಿ ನಡೆಸಿದೆವು. ನಾನು ಒಂದು ಪದ ಹೇಳಿದರೆ ಮಕ್ಕಳು ತಮ್ಮ ಮನೆಮಾತು ಕೆಚುವಾದ ಒಂದು ಪದ ನನಗೆ ಕಲಿಸಬೇಕು. 2009ರ ಅಲ್ಲಿನ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿದೆ. ಆದರೂ ಶಾಲೆಯಲ್ಲಿ ಕೆಚುವಾ ಮಾತಾಡಲು ನಾಚುವ ಮಕ್ಕಳು ನನ್ನ ಉಚ್ಚಾರ ತಿದ್ದುವಾಗ ಗಂಟಲೆತ್ತಿ ಮಾತಾಡುತ್ತಿದ್ದರು.

ಮೂರು ತಿಂಗಳಲ್ಲಿ ಬಡಾವಣೆಗೆ ನಲ್ಲಿ ಬರಲಿಲ್ಲ, ನಾನು ತರಿಸುವಂಥದ್ದೂ ಅಲ್ಲ. ಹೊರದೇಶಕ್ಕಾಗಲಿ, ಪಕ್ಕದ ತಾಲ್ಲೂಕಿಗಾಗಲಿ, ಸೇವೆಗೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ಮೊದಲು ಕೆಲವು ದಿನ ಆ ನಾಡಿನಲ್ಲಿ ಬಸ್ಸಿನಲ್ಲಿ ಓಡಾಡಿ. ಆಮೇಲೆ ಕಳಿಸುವ ಸಂಸ್ಥೆಯನ್ನು ಮೂರು ವಿಷಯ ಕೇಳಿ: ಈ ಕೆಲಸ ಬೇಕು ಅಂತ ಊರಿನವರಲ್ಲಿ ಯಾರು ಕೇಳಿದರು? ನಾನು ಬಂದ ಮೇಲೆ ಇದನ್ನು ಯಾರು ಮುಂದುವರಿಸುತ್ತಾರೆ? ನಾನು ಕಟ್ಟುವ ಹಣದಲ್ಲಿ ಅವರಿಗೆ ಸೇರುವುದು ಎಷ್ಟು? ಸರಿಯಾದ ಉತ್ತರ ಸಿಕ್ಕರೆ ಚೀಲ ಕಟ್ಟಿ.